ತಂದೆಯ ಸಾಲ, ಮಕ್ಕಳ ಸಹಿ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಸಾಲದ ಮಾತು ಬೇಡ ಅಂದರು ಕೆಲವರು. ಸಾಲ ಕೊಡುವ ಸಂಘದ ಹಬ್ಬದಲ್ಲಿ ಇನ್ನೇನು ಮಾತಾಡೋಣ?

ನಮ್ಮ ತಂದೆಯವರು ತೀರಿಕೊಂಡಾಗ ತಿಥಿಗೆ ಹಾಕಿದ ಚಪ್ಪರ ಇನ್ನೂ ಬಿಚ್ಚಿರಲಿಲ್ಲ, ಮೈಸೂರಿನಿಂದ ಒಬ್ಬರು ಕೈಸಾಲದ ಪ್ರೋನೋಟು ಹಿಡಿದು ಬಂದರು. ನೆಂಟರ ಮುಂದೆ ಮರ್ಯಾದೆ ಹೋಗುತ್ತೆ ಅಂತ ನಾವು ನಮ್ಮ ಹೆಸರಿನಲ್ಲೇ ಹೊಸ ನೋಟು ಬರೆದುಕೊಟ್ಟುಬಿಟ್ವಿ. ಬಂಡೀಪಾಳ್ಯಕ್ಕೆ ಟೊಮೆಟೊ ಹಾಕಿ ಬಂದ ದುಡ್ಡು ನಾಲ್ಕು ವರ್ಷ ಅದರ ಬಡ್ಡಿಗೇ ಹೋಯ್ತು.

ಆಮೇಲೆ ವಕೀಲರೊಬ್ಬರು ಬೈದು ಬುದ್ಧಿ ಹೇಳಿದರು. ತಂದೆಯ ಸಾಲ ತೀರಿಸೋದು ಮಗನ ಧರ್ಮ ಅನ್ನೋದು ಹಳೇ ಶಾಸ್ತ್ರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರರು ಬರೆದ ಮಿತಾಕ್ಷರದಲ್ಲೂ ಜೂಜು, ಕುಡಿತದ ಸಾಲಕ್ಕೆ ಮಗ ಹೊಣೆಯಲ್ಲ. ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಅಲ್ಲಿಂದೀಚೆಗೆ ಮಾಡಿದ ಸಾಲವನ್ನು ಬರೀ ಮಗ ಅನ್ನೋ ಕಾರಣಕ್ಕೆ ಕೋರ್ಟು ವಸೂಲಿ ಮಾಡಿಸೋದಿಲ್ಲ.

ಹಾಗಂತ ಸಾಲ ಮುಳುಗಿತು ಅಂತಲ್ಲ. ಸತ್ತವರು ಬಿಟ್ಟುಹೋದ ಆಸ್ತಿ ಸಾಲಕ್ಕೆ ಹೊಣೆ. 1 ಲಕ್ಷ ಸಾಲ ಇದ್ದು, ಕೈಗೆ ಬಂದ ಆಸ್ತಿ 40 ಸಾವಿರದ್ದಾದರೆ ಮಕ್ಕಳ ಹೊಣೆ 40 ಸಾವಿರಕ್ಕೇ ನಿಂತಿತು. ಪಾಲು ಪಡೆದ ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಜಮೀನು ಅಡಮಾನವಾಗಿದ್ದರೆ ಪೌತಿ ಖಾತೆ ಮಾಡಿಸಿಕೊಂಡರೂ ಅಡಮಾನ ಬೆನ್ನಿಗೇ ಬರುತ್ತೆ. ನೀವೇ ಜಾಮೀನಿಗೆ ಸಹಿ ಹಾಕಿದ್ದರೆ ಮಾತು ಬೇರೆ. ಆಸ್ತಿ ಬರಲಿ ಬಿಡಲಿ, ಕಟ್ಟಲೇಬೇಕು.

ಈಗ ಮುಚ್ಚಿಡೋದೇಕೆ, ನಿರ್ದೇಶಕರಾದ ಮೇಲೆ ನಾವೂ ಅದೇ ಕೆಲಸ ಮಾಡಿದ್ದೇವೆ. ಸುಸ್ತಿ ಪಟ್ಟಿ ಉದ್ದವಾಗಬಾರದು ಅಂತ ಸತ್ತವರ ಸಾಲವನ್ನು ಮಗನ ಹೆಸರಿಗೆ ಬರೆಸಿಕೊಂಡಿದ್ದೇವೆ. ಆಡಿಟ್‌ನವರಿಗೆ ಲೆಕ್ಕ ಚೆನ್ನಾಗಿ ಕಂಡಿತು. ಗೇಣು ಜಮೀನೂ ಬಾರದ ಒಬ್ಬ ಹುಡುಗ ಹಾಗೆ ಸಹಿ ಹಾಕಿ, ಈಗ ಮೈಸೂರಿನಲ್ಲಿ ಗಾರೆ ಕೆಲಸ ಮಾಡಿ ಕಂತು ಕಟ್ಟುತ್ತಿದ್ದಾನೆ. ಅವನ ಮುಖ ನೋಡೋಕೆ ನಮಗೆ ಆಗ್ತಿಲ್ಲ. ಅವನ ವಿಷಯ ಮುಂದಿನ ಆಡಳಿತ ಮಂಡಳಿ ಸಭೆಗೆ ತರುತ್ತೇವೆ.

ದುಡ್ಡು ನಿಮ್ಮೆಲ್ಲರ ಷೇರು, ಠೇವಣಿಯದ್ದೇ. ಮನ್ನಾ ಅನ್ನೋಕೆ ನಾವ್ಯಾರು? ಆದರೆ ತಿಥಿ ಮನೆಗೆ ಯಾರೇ ಕಾಗದ ತಂದರೂ, ನಾವೇ ತಂದರೂ, ಹೆಬ್ಬೆಟ್ಟು ಒತ್ತಬೇಡಿ. ಮೊದಲು ಸಾಲದ ಪತ್ರ ತೋರಿಸಿ ಅನ್ನಿ. ಅನುಮಾನ ಇದ್ದರೆ ಮೈಸೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ವಕೀಲರ ಖರ್ಚಿಲ್ಲ.