ಜಗತ್ತಿನ ಹಿಂಜರಿತ ಮತ್ತು ನಮ್ಮೂರಿನ ಹಗೇವು

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಜಾಗತಿಕ ಆರ್ಥಿಕ ಹಿಂಜರಿತವನ್ನು ನಮ್ಮಂಥ ಬೆಳೆಯುತ್ತಿರುವ ದೇಶ ಹೇಗೆ ಎದುರಿಸುತ್ತದೆ ಎಂಬ ವಿಷಯದ ಮೇಲೆ ಮಾತನಾಡಲು ತಾವು ನನಗೆ ಹೇಳಿದ್ದೀರಿ. ವಿಷಯ ದೊಡ್ಡದು. ಆದರೆ ಅದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹಿರಿಯರ ಹಗೇವನ್ನು ನೆನಪಿಸಿಕೊಂಡರೆ ಸಾಕು. ಸುಗ್ಗಿಯಲ್ಲಿ ಜೋಳ ಚೆನ್ನಾಗಿ ಬಂದಾಗ ಅವರು ಎಲ್ಲವನ್ನೂ ಮಾರುತ್ತಿರಲಿಲ್ಲ. ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದನ್ನು ತೆಗೆಯುತ್ತಿದ್ದರು. ಮುಂದಿನ ಸುಗ್ಗಿಯಲ್ಲಿ ಮತ್ತೆ ತುಂಬುತ್ತಿದ್ದರು. ದೇಶದ ಅರ್ಥವ್ಯವಸ್ಥೆಯೂ ಇದೇ ಮೂರು ಕೆಲಸ ಮಾಡಬೇಕು: ಒಳ್ಳೆಯ ಕಾಲದಲ್ಲಿ ಕೂಡಿಡುವುದು, ಕೆಟ್ಟ ಕಾಲದಲ್ಲಿ ಧೈರ್ಯವಾಗಿ ಖರ್ಚು ಮಾಡುವುದು, ಮತ್ತೆ ತುಂಬುವುದು.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೆಹ್‌ಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಯಿತು. ತೀರಿಸುವ ಶಕ್ತಿ ಇಲ್ಲದವರಿಗೂ ಅಲ್ಲಿ ಮನೆಸಾಲ ಕೊಟ್ಟು, ಆ ಸಾಲದ ಪತ್ರಗಳನ್ನು ಜಗತ್ತಿಗೆಲ್ಲ ಮಾರಿದ್ದರು. ಮನೆಗಳ ಬೆಲೆ ಬಿದ್ದಾಗ ಆ ಪತ್ರಗಳಿಗೆ ಬೆಲೆ ಇಲ್ಲದಾಯಿತು. ಅಮೆರಿಕದ ಬ್ಯಾಂಕು ಮುಳುಗಿದರೆ ಇಂಡಿಯ ದ್ರಾಕ್ಷಿ ಬೆಳೆಗಾರನಿಗೆ, ಮುದ್ದೇಬಿಹಾಳದ ಗೌಂಡಿಗೆ ಏನು ಎಂದು ತಾವು ಕೇಳಬಹುದು. ಪೆಟ್ಟು ಮೂರು ದಾರಿಯಿಂದ ಬಂತು.

ಮೊದಲನೆಯದು ವ್ಯಾಪಾರದ ದಾರಿ. 2008ರ ಅಕ್ಟೋಬರ್‌ನಿಂದ ಸುಮಾರು ಒಂದು ವರ್ಷ ನಮ್ಮ ದೇಶದ ರಫ್ತು, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ, ಇಳಿಯುತ್ತಲೇ ಇತ್ತು. ಕಬ್ಬಿಣದ ಅದಿರಿನ ಬೆಲೆ ಕುಸಿದಾಗ ಬಳ್ಳಾರಿ ಜಿಲ್ಲೆಯ ಗಣಿಗಳಿಗೂ ಬಿಸಿ ತಟ್ಟಿತು. ಎರಡನೆಯದು ಬಂಡವಾಳದ ದಾರಿ. ವಿದೇಶಿ ಹೂಡಿಕೆದಾರರು ತಮ್ಮ ಹಣ ಹಿಂದಕ್ಕೆ ಪಡೆದರು. 2008ರ ಜನವರಿಯಲ್ಲಿ 21,000 ದಾಟಿದ್ದ ಮುಂಬಯಿ ಶೇರು ಸೂಚ್ಯಂಕ ಅಕ್ಟೋಬರ್ ಕೊನೆಗೆ 9,000ದ ಕೆಳಗೆ ಬಂತು. ಮೂರನೆಯದು ಕೂಲಿಯ ದಾರಿ. ನಮ್ಮ ತಾಲ್ಲೂಕುಗಳಿಗೆ ಹತ್ತಿರದ್ದು ಇದೇ. ಗೋವಾ, ಪುಣೆ, ಮುಂಬಯಿ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮಂದಿ ನಮ್ಮವರು. ಕೆಲವು ಮನೆಗಳವರು ಕೊಲ್ಲಿ ದೇಶಗಳಲ್ಲಿದ್ದಾರೆ. ದುಬೈಯಲ್ಲಿ ಅನೇಕ ಕಟ್ಟಡಗಳ ಕೆಲಸ ಅರ್ಧಕ್ಕೇ ನಿಂತಿತು.

ಆದರೂ ದೇಶ ಮುಳುಗಲಿಲ್ಲ. 2007-08ರಲ್ಲಿ ಶೇಕಡಾ 9ಕ್ಕಿಂತ ಹೆಚ್ಚಿದ್ದ ಬೆಳವಣಿಗೆ, ಆಗಿನ ಲೆಕ್ಕದಂತೆ, 2008-09ರಲ್ಲಿ ಶೇಕಡಾ 6.7ಕ್ಕೆ ಇಳಿಯಿತು. ಅದೇ ಹೊತ್ತಿಗೆ ಅನೇಕ ಶ್ರೀಮಂತ ದೇಶಗಳ ಉತ್ಪಾದನೆಯೇ ಕುಗ್ಗಿತ್ತು. ನಾವು ಉಳಿದದ್ದು ಹೇಗೆ?

ಒಂದು, ಹಗೇವು ತುಂಬಿತ್ತು. 1991ರಲ್ಲಿ ನಮ್ಮ ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಆಗ ರಿಜರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಕಳಿಸಿ ಅಡವಿಡಬೇಕಾಯಿತು. ಆ ಪಾಠ ಕಲಿತದ್ದರಿಂದ 2008ರ ಮಾರ್ಚ್‌ನಲ್ಲಿ ಸಂಗ್ರಹ ಸುಮಾರು 31,000 ಕೋಟಿ ಡಾಲರ್ ಇತ್ತು. ಒಂದು ವರ್ಷದಲ್ಲಿ ಅದು ಸುಮಾರು 25,000 ಕೋಟಿಗೆ ಇಳಿದರೂ ದೇಶ ಯಾರ ಮುಂದೆಯೂ ಕೈಚಾಚಲಿಲ್ಲ.

ಎರಡು, ಬ್ಯಾಂಕುಗಳು ಗಟ್ಟಿಯಾಗಿದ್ದವು. ಬಹುಪಾಲು ಬ್ಯಾಂಕ್ ವ್ಯವಹಾರ ಸರ್ಕಾರಿ ಬ್ಯಾಂಕುಗಳ ಕೈಯಲ್ಲಿತ್ತು. ವೈ.ವಿ. ರೆಡ್ಡಿಯವರು ಗವರ್ನರ್ ಆಗಿದ್ದಾಗ ಜಮೀನು, ಕಟ್ಟಡ ವ್ಯವಹಾರದ ಸಾಲಗಳಿಗೆ ರಿಜರ್ವ್ ಬ್ಯಾಂಕು ಬಿಗಿ ನಿಯಮ ಹಾಕಿತ್ತು. ಅಂದು ಅದನ್ನು ಅತಿ ಎಚ್ಚರಿಕೆ ಎಂದು ಟೀಕಿಸಿದವರಿದ್ದರು. ಮುಂದೆ ಅದೇ ಕಾಪಾಡಿತು. ಹಿಂಜರಿತ ಬಂದಾಗ ರಿಜರ್ವ್ ಬ್ಯಾಂಕು ತನ್ನ ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇಕಡಾ 9ರಿಂದ 2009ರ ಏಪ್ರಿಲ್ ವೇಳೆಗೆ 4.75ಕ್ಕೆ ಇಳಿಸಿತು.

ಮೂರು, ಬಡವನ ಕೈಗೆ ಹಣ ಹೋಯಿತು. ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿಯಲ್ಲಿ 200 ಜಿಲ್ಲೆಗಳಲ್ಲಿ ಆರಂಭವಾಗಿತ್ತು. ನಮ್ಮ ಜಿಲ್ಲೆಗೆ ಅದು ಬಂದದ್ದು 2008ರ ಏಪ್ರಿಲ್ 1ರಂದು, ಅಂದರೆ ಲೆಹ್‌ಮನ್ ಮುಳುಗುವುದಕ್ಕೆ ಐದೂವರೆ ತಿಂಗಳು ಮೊದಲು. 2009-10ರ ಬಜೆಟ್ಟಿನಲ್ಲಿ ಅದಕ್ಕೆ 39,100 ಕೋಟಿ ರೂಪಾಯಿ ಇಟ್ಟರು. ಇದರ ಜೊತೆಗೆ ರೈತರ ಸಾಲ ಮನ್ನಾ, ನೌಕರರಿಗೆ ಆರನೆಯ ವೇತನ ಆಯೋಗದ ಸಂಬಳ, ಅಬಕಾರಿ ಸುಂಕದ ಇಳಿಕೆ ಬಂದವು. ಕೂಲಿಕಾರನ ಕೈಗೆ ಬಂದ ರೂಪಾಯಿ ಅದೇ ವಾರ ಕಿರಾಣಿ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಅಡತಿ ಅಂಗಡಿಗೆ, ಅಲ್ಲಿಂದ ಕಾರ್ಖಾನೆಗೆ. ಹೊರಗಿನ ಗಿರಾಕಿ ನಿಂತಾಗ ಒಳಗಿನ ಗಿರಾಕಿ ದೇಶವನ್ನು ಎತ್ತಿ ಹಿಡಿದ.

ನಾಲ್ಕು, ಹೊರಗೆ ದುಡಿಯುವವರು ಮನೆಯನ್ನು ಮರೆಯಲಿಲ್ಲ. 2008ರ ಆರಂಭದಲ್ಲಿ ಡಾಲರಿಗೆ ಸುಮಾರು 40 ಇದ್ದ ರೂಪಾಯಿ 2009ರ ಮಾರ್ಚ್ ವೇಳೆಗೆ 50ರ ಮೇಲೆ ಹೋಯಿತು. ಕೊಲ್ಲಿಯಲ್ಲಿ ಕೆಲಸ ಉಳಿಸಿಕೊಂಡವನು ಕಳಿಸಿದ ಅಷ್ಟೇ ದಿರ್ಹಮಿಗೆ ಊರಲ್ಲಿ ಹೆಚ್ಚು ರೂಪಾಯಿ ಸಿಕ್ಕಿತು. ಕೆಲಸ ಕಳೆದುಕೊಂಡವನ ಮನೆಗೆ ಮಾತ್ರ ಏನೂ ಬರಲಿಲ್ಲ.

ಮೂರನೆಯ ಕೆಲಸದಲ್ಲಿ, ಅಂದರೆ ಹಗೇವು ಮತ್ತೆ ತುಂಬುವುದರಲ್ಲಿ, ನಾವು ಎಡವಿದೆವು. ಕೇಂದ್ರದ ವಿತ್ತೀಯ ಕೊರತೆ ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಯಿತು. 2009ರಲ್ಲಿ ದೇಶದ ಬಹುಭಾಗದಲ್ಲಿ ಮಳೆ ಕೈಕೊಟ್ಟಿತು. ನಮ್ಮಲ್ಲಿ ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ನೆರೆ ಬಂದು ಮನೆ, ಬೆಳೆ ಎರಡೂ ಹೋದವು. ಆಹಾರದ ಬೆಲೆ ಏರಿತು. ಆ ಕಾಲದಲ್ಲಿ ಧಾರಾಳವಾಗಿ ಕೊಟ್ಟ ದೊಡ್ಡ ಸಾಲಗಳಲ್ಲಿ ಎಷ್ಟೋ ಮುಂದೆ ವಸೂಲಾಗದೆ ಬ್ಯಾಂಕುಗಳಿಗೆ ಭಾರವಾದವು.

2020ರಲ್ಲಿ ಕೊರೊನಾ ಬಂದಾಗ ಮತ್ತೆ ಅದೇ ಪರೀಕ್ಷೆ. ಗೋವಾ, ಮಹಾರಾಷ್ಟ್ರಗಳಿಂದ ನಮ್ಮವರು ಗಂಟು ಹೊತ್ತು ಊರಿಗೆ ಬಂದದ್ದನ್ನು ತಾವೆಲ್ಲ ಕಂಡಿದ್ದೀರಿ. ಅಂದು ಗೋದಾಮುಗಳಲ್ಲಿದ್ದ ಧಾನ್ಯವೂ ಊರಿನಲ್ಲಿ ಸಿಕ್ಕ ಉದ್ಯೋಗ ಖಾತ್ರಿ ಕೆಲಸವೂ ಎಷ್ಟೋ ಮನೆಗಳ ಒಲೆ ಉರಿಸಿದವು.

ವಿದ್ಯಾರ್ಥಿಗಳೆ, ಇದರಲ್ಲಿ ನಮಗೇನು ಪಾಠ? 2009ರಲ್ಲಿ ನನ್ನ ತರಗತಿಯಲ್ಲಿ ಪಿಯುಸಿ ಮೊದಲ ವರ್ಷದ ಒಬ್ಬ ಹುಡುಗಿ ಇದ್ದಳು. ತಂದೆ ಗೋವಾದಲ್ಲಿ ಗೌಂಡಿ. ಕೆಲಸ ನಿಂತು ಅವರು ಊರಿಗೆ ಬಂದರು. ಅಣ್ಣನ ಓದು ಉಳಿಯಿತು, ಇವಳ ಓದು ನಿಂತಿತು. ಬೇಕಾಗಿದ್ದ ಹಣ ದೊಡ್ಡದಲ್ಲ. ನನಗೆ ವಿಷಯ ತಿಳಿಯುವ ಹೊತ್ತಿಗೆ ಪರೀಕ್ಷೆಯ ಅರ್ಜಿಯ ದಿನ ದಾಟಿತ್ತು. ಮುಂದಿನ ವರ್ಷ ಅವಳು ಬರಲಿಲ್ಲ. ಹಿಂಜರಿತ ಮುಗಿದ ಮೇಲೆ ಶೇರು ಸೂಚ್ಯಂಕ ಮೇಲೆದ್ದಿತು. ಆ ಹುಡುಗಿಯ ಓದು ಮೇಲೇಳಲಿಲ್ಲ. ದೇಶದ ಲೆಕ್ಕಪತ್ರಗಳಲ್ಲಿ ಈ ನಷ್ಟ ಎಲ್ಲಿಯೂ ಬರೆದಿರುವುದಿಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಕೆಟ್ಟ ವರ್ಷದಲ್ಲಿ ಚಂದಾ ಕಡಿಮೆಯಾಗುತ್ತದೆ. ಆಗ ನಮ್ಮಂಥ ಸಂಸ್ಥೆಗಳು ವಿದ್ಯಾರ್ಥಿವೇತನವನ್ನೂ ಕಡಿಮೆ ಮಾಡುತ್ತವೆ. ಇದು ಸಹಜ, ಆದರೆ ತಪ್ಪು. ಮಕ್ಕಳಿಗೆ ಸಹಾಯ ಹೆಚ್ಚು ಬೇಕಾಗುವುದು ಆ ವರ್ಷವೇ. ಬೆಳೆ ಬಂದ ವರ್ಷ, ವ್ಯಾಪಾರ ಕೈಹಿಡಿದ ವರ್ಷ, ಬಂದ ಚಂದಾದ ಒಂದು ಪಾಲನ್ನು ಬೇರೆ ಖಾತೆಯಲ್ಲಿ ಇಡೋಣ. ಅದನ್ನು ಕಟ್ಟಡಕ್ಕೂ ಸಮಾರಂಭಕ್ಕೂ ಮುಟ್ಟುವುದು ಬೇಡ. ದುಡಿಯುವವರು ಬರಿಗೈಯಲ್ಲಿ ಊರಿಗೆ ಮರಳಿದ ವರ್ಷ ಆ ಖಾತೆಯನ್ನು ತೆರೆಯೋಣ. ಅಂಥ ಮನೆಗಳ ಮಕ್ಕಳ ಪಟ್ಟಿ, ಅದರಲ್ಲೂ ಹೆಣ್ಣುಮಕ್ಕಳ ಪಟ್ಟಿ, ಶುಲ್ಕದ ದಿನ ದಾಟುವ ಮೊದಲೇ ನಮ್ಮ ಕೈಯಲ್ಲಿರಲಿ.

ವಿದ್ಯಾರ್ಥಿಗಳೆ, ಮನೆಯಲ್ಲಿ ತೊಂದರೆ ಬಂದಾಗ ಸಂಕೋಚಪಟ್ಟು ಸುಮ್ಮನಿರಬೇಡಿ. ನಿಮ್ಮ ಗುರುಗಳಿಗೆ ಹೇಳಿ, ಈ ಸಂಸ್ಥೆಯ ಹಿರಿಯರಿಗೆ ಹೇಳಿ. ಮುಂದಿನ ಹಿಂಜರಿತ ಯಾವ ವರ್ಷ ಬರುತ್ತದೆ ಎಂದು ಯಾರೂ ಹೇಳಲಾರರು. ಬರುವುದಂತೂ ಖಂಡಿತ. ಅಂದು ನಮ್ಮ ಹಗೇವು ಬರಿದಾಗಿರದಿರಲಿ ಎಂದು ಹಾರೈಸುತ್ತೇನೆ.