ಹಳೇ ಕಾರಿನ ಬ್ರೇಕು: ಕಾಲಿಗೆ ಗೊತ್ತಾಗುವ ಕಾಯಿಲೆ



ಕಾರಿನ ಬ್ರೇಕು ಒಂದೇ ದಿನದಲ್ಲಿ ಕೈಕೊಡುವುದು ಅಪರೂಪ. ಸಾಮಾನ್ಯವಾಗಿ ಅದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಸೋಲುತ್ತ ಬರುತ್ತದೆ, ನಮ್ಮ ಕಾಲೂ ಅದಕ್ಕೆ ಹೊಂದಿಕೊಳ್ಳುತ್ತ ಹೋಗುತ್ತದೆ. ಕಳೆದ ವಾರಕ್ಕಿಂತ ಒಂದು ಕೂದಲೆಳೆ ಜಾಸ್ತಿ ಒತ್ತಿದ್ದು ಯಾರ ಗಮನಕ್ಕೆ ಬರುತ್ತದೆ? ಹಬ್ಬಕ್ಕೆ ಬಂದ ಅಳಿಯ ಕೊಪ್ಪದ ಪೇಟೆಗೆ ಗಾಡಿ ಒಯ್ದು ಬಂದು, "ಮಾವ, ಇದೆಂತ, ಬ್ರೇಕ್ ಹಿಡಿಯೋದೇ ಇಲ್ವಲ್ಲ!" ಅಂದಾಗಲೇ ಮನೆಯವರಿಗೆ ವಿಷಯ ತಿಳಿಯುವುದು.

ಸೀತೂರು, ಕೊಪ್ಪ, ಶೃಂಗೇರಿ ಕಡೆಯ ತೋಟದ ಮನೆಗಳ ಶೆಡ್ಡುಗಳಲ್ಲಿ ಮಾರುತಿ 800, ಓಮ್ನಿ, ಹಳೇ ಜೀಪುಗಳು ಇನ್ನೂ ಇವೆ. 800ರ ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ 800ಗಳಲ್ಲಿ ತೀರಾ ಹೊಸದು ಅನ್ನುವುದಕ್ಕೂ ಹತ್ತು ಮಳೆಗಾಲ ದಾಟಿದೆ. ಮಲೆನಾಡಿನ ಬ್ರೇಕಿಗೆ ಓಡಿದ ಕಿಲೋಮೀಟರಿಗಿಂತ ಕಳೆದ ಮಳೆಗಾಲಗಳೇ ಸರಿಯಾದ ಲೆಕ್ಕ.

ಗ್ಯಾರೇಜಿಗೆ ಹೋಗಿ "ಬ್ರೇಕ್ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಪ್ಯಾಡ್ ಬದಲಾಗುತ್ತದೆ, ಕಾಯಿಲೆ ಬೇರೆ ಕಡೆ ಇದ್ದರೆ ಅಲ್ಲೇ ಉಳಿಯುತ್ತದೆ. ಪೆಡಲ್ ಹೇಗಿದೆ ಎಂದು ಹೇಳಬೇಕು. ಮೊದಲ ಸಲ ಒತ್ತಿದಾಗ ತೀರಾ ಕೆಳಕ್ಕೆ ಹೋಗಿ, ತಕ್ಷಣ ಇನ್ನೊಮ್ಮೆ ಒತ್ತಿದರೆ ಮೇಲೆಯೇ ಹಿಡಿಯುತ್ತದೆಯೇ? ಹಿಂದಿನ ಚಕ್ರದ ಬ್ರೇಕ್ ಶೂ ಸವೆದು ಡ್ರಮ್ಮಿನಿಂದ ದೂರ ಸರಿದಿರಬಹುದು. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುತ್ತಲೇ ಹೋಗುತ್ತದೆಯೇ? ಎಲ್ಲೋ ಬ್ರೇಕ್ ಆಯಿಲ್ ಸೋರುತ್ತಿದೆ. ಚಕ್ರಗಳ ಒಳಮಗ್ಗುಲಲ್ಲಿ ಎಲ್ಲೂ ಒದ್ದೆ ಕಾಣದೆ, ಡಬ್ಬಿಯಲ್ಲಿ ಆಯಿಲೂ ಕಡಿಮೆಯಾಗದೆ ಹೀಗಾಗುತ್ತಿದ್ದರೆ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ ಎಂದೇ ಲೆಕ್ಕ. ಪೆಡಲ್ ಹೀಗೆ ಇಳಿಯುವ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರ್ ನೋಡಬೇಕು. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿ, ಕೊನೆಗೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಬೂಸ್ಟರ್, ಇಲ್ಲವೇ ಅದಕ್ಕೆ ಹೋಗುವ ಪೈಪು ಕೆಟ್ಟಿದೆ.

ಇನ್ನು ಬ್ರೇಕ್ ಆಯಿಲ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಅಸಡ್ಡೆಗೆ ಗುರಿಯಾದದ್ದು ಇದೇ. ಆಯಿಲ್ ಎಂದು ಕರೆದರೂ ಇದು ಎಣ್ಣೆಯಲ್ಲ, ಗಾಳಿಯ ತೇವವನ್ನು ಹೀರಿಕೊಳ್ಳುವ ಒಂದು ದ್ರವ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಉಪ್ಪು ನೀರೊಡೆಯುವ ಹಾಗೆ, ಇದೂ ಆಯಿಲ್ ಡಬ್ಬಿಯ ಮುಚ್ಚಳದ ಸಂದಿಯಿಂದ, ರಬ್ಬರ್ ಹೋಸಿನ ಮೈಯಿಂದ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ.

ಆಯಿಲ್ ಕುದಿಯುವಷ್ಟು ಬಿಸಿ ಎಲ್ಲಿಂದ ಬರುತ್ತದೆ ಎನ್ನುತ್ತೀರಾ? ಆಗುಂಬೆ ಘಾಟಿಯನ್ನೇ ತೆಗೆದುಕೊಳ್ಳಿ. ಮಣಿಪಾಲದ ಆಸ್ಪತ್ರೆಗೆಂದು ಎಷ್ಟು ಜನ ಆ ದಾರಿಯಲ್ಲಿ ಇಳಿಯುವುದಿಲ್ಲ! ಹದಿನಾಲ್ಕು ತಿರುವು ಇಳಿದು ಹೆಬ್ರಿ ಮುಟ್ಟುವಷ್ಟರಲ್ಲಿ 500 ಮೀಟರಿಗೂ ಹೆಚ್ಚು ಕೆಳಗೆ ಬಂದಿರುತ್ತೇವೆ. ಮಾರುತಿ 800ರ ತೂಕ ಸುಮಾರು 650 ಕಿಲೋ. ನಾಲ್ಕು ಜನ, ಒಂದು ಚೀಲ ಅಡಿಕೆ ಸೇರಿದರೆ ಹತ್ತಿರ ಹತ್ತಿರ ಒಂದು ಟನ್. ಇಷ್ಟು ಭಾರ 500 ಮೀಟರ್ ಇಳಿಯುವಾಗ ಹೊರಬೀಳುವ ಶಕ್ತಿಯಲ್ಲಿ ಸುಮಾರು 14 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. ಸೆಕೆಂಡ್ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಇಂಜಿನ್ ತೆಗೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿದಿರೋ, ಬಹುಪಾಲು ಬ್ರೇಕಿನ ತಲೆಗೇ ಬರುತ್ತದೆ. ಆ ಉಳಿತಾಯ ಯಾರಿಗೂ ಬೇಡ.

ನೀರು ಸೇರಿದ ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಖರ್ಚಾಗಿ, ಪೆಡಲ್ ಮೆತ್ತಗೆ ಕೆಳಕ್ಕೆ ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿ ತಣಿಸಿದರೆ ಮತ್ತೆ ಮೊದಲಿನಂತೆ ಹಿಡಿಯುತ್ತದೆ! ಗ್ಯಾರೇಜಿನವರು ನೋಡಿ "ಎಂತದೂ ತೊಂದರೆ ಇಲ್ಲ" ಅಂದರೆ ಅವರ ತಪ್ಪೇನಲ್ಲ. ಆದ್ದರಿಂದ ಬಿಸಿಯಾದಾಗ ಪೆಡಲ್ ಮೆತ್ತಗಾಯಿತೋ, ಅಥವಾ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲಲಿಲ್ಲವೋ ಎಂಬುದನ್ನು ನೆನಪಿಟ್ಟುಕೊಳ್ಳಿ. ಮೆತ್ತಗಾದರೆ ಆಯಿಲಿನ ದೋಷ. ಗಟ್ಟಿಯಾಗಿಯೇ ಇದ್ದರೆ ಪ್ಯಾಡ್, ಶೂಗಳು ಕಾದು ಹಿಡಿತ ಬಿಟ್ಟಿವೆ.

ಆಯಿಲ್ ಕಡಿಮೆಯಾಯಿತೆಂದು ಮೇಲಿಂದ ಸುರಿದು ಸುಮ್ಮನಾಗುವುದು ಕಾಯಿಲೆ ಮುಚ್ಚಿಟ್ಟಂತೆ. ಪ್ಯಾಡ್ ಸವೆದರೂ ಮಟ್ಟ ಇಳಿಯುತ್ತದೆ, ಸೋರಿದರೂ ಇಳಿಯುತ್ತದೆ. ಯಾವುದೆಂದು ಮೊದಲು ನೋಡಬೇಕು. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಸಿ, ಸೀಲ್ ಒಡೆಯದ ಬಾಟಲಿಯಿಂದ ಹೊಸದು ಹಾಕಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಹೋದ ವರ್ಷ ಮಿಕ್ಕ ಅರ್ಧ ಬಾಟಲಿ ಅಟ್ಟದ ಮೇಲಿದ್ದರೆ ಅದು ಆಗಲೇ ತೇವ ಕುಡಿದಿರುತ್ತದೆ. ಇಂಜಿನ್ ಆಯಿಲನ್ನಂತೂ ಅಪ್ಪಿತಪ್ಪಿಯೂ ಹಾಕಬೇಡಿ, ರಬ್ಬರುಗಳೆಲ್ಲ ಊದಿಕೊಂಡು ಕೆಡುತ್ತವೆ.

ರಿಪೇರಿಯಾದ ಮೇಲೆ ಸಪಾಟಾದ, ಜನವಿಲ್ಲದ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ನೋಡಿ. ಇಳಿದು ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟುವುದು ಬೇಡ, ಕಾವು ತಿಳಿದರೆ ಸಾಕು. ಮುಂದಿನ ಎರಡರಲ್ಲಿ ಒಂದೇ ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿರಬಹುದು, ಅಥವಾ ತಣ್ಣಗಿರುವ ಇನ್ನೊಂದು ಕೆಲಸವನ್ನೇ ಮಾಡದಿರಬಹುದು. ಗಾಡಿ ಯಾವ ಕಡೆಗೆ ಎಳೆಯಿತು, ಯಾವ ಚಕ್ರ ಕಾದಿತ್ತು, ಎರಡನ್ನೂ ಮೆಕ್ಯಾನಿಕ್ಕಿಗೆ ಹೇಳಿ.