ಕೈತೋಟಕ್ಕೆ ಬ್ರಹ್ಮದಂಡೆ



ಬಯಲುಸೀಮೆಯ ಬೀಳುಗಳಲ್ಲಿ ತಾನಾಗಿ ಬೆಳೆಯುವ ಮುಳ್ಳುಗಿಡ ಬ್ರಹ್ಮದಂಡೆ. ಚೆಂಡಿನಂತಹ ಇದರ ಹೂವಿಗೆ ಜೇನ್ನೊಣಗಳು ಮುತ್ತುತ್ತವೆ. ಇದೇ ಕುಲದ, ನೀಲಿ ಹೂವಿನ ಬಹುವಾರ್ಷಿಕ ಗಿಡವನ್ನು ಯುರೋಪಿನ ತೋಟಗಳಲ್ಲಿ ಬೆಳೆಸುತ್ತಾರೆ. ಅದು ಚಳಿ ನಾಡಿನದು. ವರ್ಷವಿಡೀ ಹರಿಯುವ ನದಿಯಿಲ್ಲದ ಬಂಗಾರಪೇಟೆ, ಕೆ.ಜಿ.ಎಫ್. ಅಂಗಳಗಳಿಗೆ ನಾಡಿನ ಗಿಡವೇ ಮೇಲು.

ಚೆನ್ನಾಗಿ ಬಿಸಿಲು ಬೀಳುವ, ನೀರು ನಿಲ್ಲದ ಕೆಂಪು ಮಣ್ಣು ಸಾಕು. ಬೇರು ಆಳಕ್ಕಿಳಿಯುವುದರಿಂದ ಸಸಿ ಕಿತ್ತು ನೆಡದೆ, ಮುಂಗಾರಿನಲ್ಲಿ ಬೀಜವನ್ನು ಬೆಳೆಯುವ ಜಾಗದಲ್ಲೇ ಬಿತ್ತಬೇಕು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿರಲಿ. ಗೊಬ್ಬರ ಹೆಚ್ಚಾದರೆ ಗಿಡ ಬಾಗಿ ಬೀಳುತ್ತದೆ.

ಎರಡು ಎಚ್ಚರಿಕೆಗಳು. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಸಯನೈಡ್ ದಿಬ್ಬಗಳು ಉಳಿದಿವೆ. ಅಲ್ಲಿನ ಮಣ್ಣನ್ನು ಕೈತೋಟಕ್ಕೆ ತರಬಾರದು. ಬಿತ್ತನೆಗೆ ಬೇಕಾದ ಒಂದೆರಡು ಹೂಗುಂಡುಗಳನ್ನು ಒಣಗುತ್ತಲೇ ಕೊಯ್ದಿಟ್ಟುಕೊಂಡು, ಉಳಿದವನ್ನು ಬೀಜ ಉದುರುವ ಮೊದಲೇ ಕತ್ತರಿಸಿ. ಇಲ್ಲವಾದರೆ ಅಂಗಳದ ಅಂದವೇ ರಾಗಿ ಹೊಲದ ಕಳೆಯಾದೀತು.